ವಾಚಕರ ಅಭಿಪ್ರಾಯಗಳು
(ಗೊಳಸಂಗಿಯ ಶರಣಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಶ್ರಾವಣಮಾಸದಲ್ಲಿ ಮಠದ ಅಂಗಳದೊಳಗೆ ಪುರಾಣ ನಡೆಯುವ ಬಗೆಯನ್ನು ಈ ಸೀಮೆಯವರಿಗೆ ಹೊಸದಾಗಿ ವರ್ಣಿಸಬೇಕಾಗಿಲ್ಲ. ಹೊಲದ ಕೆಲಸ ತೀರಿಸಿ, ಎತ್ತುಗಳಿಗೆ ಮೇವು ಹಾಕಿ, ಕೈಕಾಲು ತೊಳೆದು, ವಿಭೂತಿ ಧರಿಸಿ ಜನರು ಬಂದು ಕೂಡ್ರುವರು. ವ್ಯಾಸಪೀಠದ ಮೇಲೆ ಭೀಮಕವಿಯ ಬಸವಪುರಾಣವೋ ಚಾಮರಸನ ಪ್ರಭುಲಿಂಗಲೀಲೆಯೋ ಇರುವದು. ಒಬ್ಬರು ಪದ್ಯವನ್ನು ಓದುವರು; ಶಾಸ್ತ್ರಿಗಳು ಅರ್ಥವನ್ನು ಬಿಡಿಸುವರು. ಅರ್ಥವು ತುಸು ತಪ್ಪಿತೆಂದರೆ ಕಂಬಕ್ಕೆ ಒರಗಿ ಕುಳಿತ ಮುದುಕನೊಬ್ಬನು, ತಾನು ಅಕ್ಷರ ಬಾರದವನಾದರೂ, ಹೋದ ವರುಷ ಕೇಳಿದ್ದನ್ನು ನೆನಪಿನಲ್ಲಿಟ್ಟುಕೊಂಡು 'ಅಲ್ಲರೀ ಶಾಸ್ತ್ರಿಗಳೇ, ಅದು ಹಾಂಗಲ್ಲ' ಎಂದು ತಡೆಯುವನು. ಪುರಾಣ ಮುಗಿದು ಮನೆಗೆ ಹೋಗುವ ದಾರಿಯಲ್ಲಿ ಹೆಣ್ಣುಮಕ್ಕಳು ನೀಲಾಂಬಿಕೆಯ ವಿಷಯವಾಗಿ ಆಡಿಕೊಳ್ಳುವ ಮಾತು ಶಾಸ್ತ್ರಿಗಳ ಅರ್ಥಕ್ಕಿಂತ ಎಷ್ಟೋ ಸಲ ಬೇರೆಯಾಗಿಯೇ ಇರುವದು. ಇದಕ್ಕೆಲ್ಲ ವಿಮರ್ಶೆಯೆಂಬ ದೊಡ್ಡ ಹೆಸರನ್ನು ಯಾರೂ ಕೊಟ್ಟಿಲ್ಲ. ಆದರೂ 1369ರಲ್ಲಿ ಬರೆದು ಮುಗಿಸಿದ ಬಸವಪುರಾಣವು ಇಂದಿನ ವರೆಗೆ ಜೀವಂತವಾಗಿ ಬಂದಿದ್ದರೆ ಅದು ಓಲೆಗರಿಯ ಗಟ್ಟಿತನದಿಂದ ಎಷ್ಟು ಬಂದಿತೋ ಈ ದಾರಿಯ ಮಾತಿನಿಂದಲೂ ಅಷ್ಟೇ ಬಂದಿತು.

ಇಂಥ ಭಾಗ್ಯವು ಗದ್ಯದಲ್ಲಿ ಬರೆದ ವಿಷಯಗ್ರಂಥಗಳಿಗೆ ಒದಗಲಿಲ್ಲ. ದೇಶದ ಚರಿತ್ರೆ, ಒಕ್ಕಲುತನ, ಸಾಧಕನೊಬ್ಬನ ಆತ್ಮವೃತ್ತಾಂತ, ಶರಣರ ಕಾಲವನ್ನು ಕುರಿತ ಸಂಶೋಧನೆ ಮೊದಲಾದವುಗಳಲ್ಲಿ ಈ ಜಿಲ್ಹೆಯವರು ಬರೆದ, ಅಥವಾ ಈ ಜಿಲ್ಹೆಯನ್ನು ಕುರಿತು ಪರರು ಬರೆದ ಪುಸ್ತಕಗಳು ಕಡಿಮೆಯೇನೂ ಇಲ್ಲ. ಪುಸ್ತಕಾಲಯದ ಕಪಾಟಿನಲ್ಲಿ ಅವು ಇರುತ್ತವೆ. ಅವುಗಳ ಮೇಲೆ ಧೂಳೂ ಇರುತ್ತದೆ. ಕಥೆಯಿಲ್ಲದ ಪುಸ್ತಕವನ್ನು ಪರೀಕ್ಷೆಗೆ ಕುಳಿತ ಹುಡುಗನ ಹೊರತು ಮತ್ತಾರು ಓದಬೇಕೆಂಬ ಭಾವನೆಯು ಜನರಲ್ಲಿ ಬೇರೂರಿದೆ. ಅಲ್ಲೊಬ್ಬರು ಇಲ್ಲೊಬ್ಬರು ಓದಿದವರಿದ್ದರೂ ಅವರ ಅಭಿಪ್ರಾಯವು ಅವರ ಮನೆಯ ಹೊಸ್ತಿಲನ್ನು ದಾಟುವದಿಲ್ಲ. ಈ ಭಾಷಣದ ವಿಷಯವು ಅಂಥ ಕೆಲವು ಗ್ರಂಥಗಳು, ಮತ್ತು ಅವುಗಳ ಸಂಬಂಧವಾಗಿ ವಾಚಕರು ಆಡಿದ, ಆಡಬಹುದಾದ, ಕೆಲವೊಮ್ಮೆ ಆಡಬಾರದ ರೀತಿಯಲ್ಲಿ ಆಡಿದ ಮಾತುಗಳು. ಗೊಳಸಂಗಿಯು ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆರೆಯ ಊರು. ಅವರು ಐಕ್ಯರಾದ ಸಂಗಮವು ಕೃಷ್ಣೆಯ ಆಚೆಯ ದಡದಲ್ಲಿದೆ. ಮಾತಿಗೆ ಬೆಲೆ ಕಟ್ಟಿದವರ ನೆಲದಲ್ಲಿ ಈ ವಿಷಯವನ್ನೆತ್ತುವದು ಅನುಚಿತವಾಗಲಾರದು.

ಮೊದಲು ಮನೆಮಾತಾದ ಗ್ರಂಥವನ್ನೇ ತೆಗೆದುಕೊಳ್ಳಬಹುದು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಹೆಸರನ್ನು ಕೇಳದ ಲಿಂಗವಂತ ಮನೆತನವು ಈ ಜಿಲ್ಹೆಯಲ್ಲಿ ಇರಲಿಕ್ಕಿಲ್ಲ. ಅದನ್ನು ಮೊದಲಿನಿಂದ ಕಡೆಯ ವರೆಗೆ ಓದಿದವರನ್ನು ಹುಡುಕಹೊರಟರೆ ಮಾತ್ರ ಬಹಳ ದೂರ ನಡೆಯಬೇಕಾದೀತು. ಹೆಸರು ಪ್ರಸಿದ್ಧವಾಗಿ ಗ್ರಂಥವು ಅಪ್ರಸಿದ್ಧವಾಗಿ ಉಳಿಯುವದು ಹೀಗೂ ಉಂಟು.

ಹಳಕಟ್ಟಿಯವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿ, 1904ರಿಂದ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದವರು. ರಬಕವಿ-ಬನಹಟ್ಟಿಗಳ ಕಡೆಯ ಮನೆಗಳಲ್ಲಿ ಪೂಜೆಯ ಗಂಟಿನೊಂದಿಗೆ ಇಟ್ಟಿದ್ದ ತಾಳೆಯೋಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದುವು. ಪೂಜಿಸುವದಿತ್ತು, ಬಿಚ್ಚುವದಿರಲಿಲ್ಲ. ಅವುಗಳನ್ನು ಬಿಚ್ಚಿ, ಪ್ರತಿ ಮಾಡಿ, ಹೋಲಿಸಿ ನೋಡಿದ ಶ್ರಮದಿಂದ ಐವತ್ತರಷ್ಟು ಮಾತ್ರ ಹೆಸರು ತಿಳಿದಿದ್ದ ವಚನಕಾರರ ಸಂಖ್ಯೆಯು ಸುಮಾರು 250ಕ್ಕೆ ಏರಿತು. ಹಸ್ತಪ್ರತಿ ಸಿದ್ಧವಾದ ಮೇಲೆ ಅದನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರೆಂದೂ ಅದು ಅಚ್ಚಾಗದೆ ಹಿಂದಿರುಗಿತೆಂದೂ ಪ್ರಸಿದ್ಧಿಯಿದೆ. ಇದರಲ್ಲಿಯ ತತ್ತ್ವಗಳು ತಮ್ಮ ಬೋಧನೆಗೆ ಸಮವಾಗಿ ನಿಲ್ಲುವಂಥವು, ಇದು ಜನರ ಕೈಗೆ ಹೋದರೆ ತಮ್ಮ ಕೆಲಸಕ್ಕೆ ಎಡೆಯುಳಿಯದು ಎಂದು ಅವರಿಗೆ ತೋರಿತೆಂಬುದು ಹೇಳಿಕೆ. ಹೇಳಿಕೆಯು ನಿಜವಾದರೆ ವಚನಶಾಸ್ತ್ರಸಾರದ ಮೊದಲನೆಯ ವಾಚಕರು ಆ ಮುದ್ರಣಾಲಯದವರು, ಮೊದಲನೆಯ ಅಭಿಪ್ರಾಯವು ಆ ಹಿಂದಿರುಗಿದ ಗಂಟು. ಗ್ರಂಥಕ್ಕೆ ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರವು ಮುಂದೆಯೂ ದೊರೆತಿರಲಾರದು. ಕಡೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಮೊದಲನೆಯ ಭಾಗವು ಅಚ್ಚಾಯಿತು. ಇನ್ನು ಪರರ ಅಚ್ಚುಕೂಟವನ್ನು ನಂಬಿದರೆ ಸಾಗದೆಂದು ಸ್ವಂತ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ಆ ವರುಷವೇ ಬಳ್ಳಾರಿಯ ಸಾಹಿತ್ಯಸಮ್ಮೇಳನಕ್ಕೆ ಅಧ್ಯಕ್ಷರಾದರು. 1964ನೆಯ ಜೂನ್ 29ರಂದು ಲಿಂಗೈಕ್ಯರಾಗುವ ವರೆಗೆ ಅವರಿಗೆ ಸ್ವಂತದ ಮನೆಯೆಂಬುದು ಮತ್ತೆ ಆಗಲಿಲ್ಲವೆಂದು ಹೇಳುತ್ತಾರೆ.

ಇಷ್ಟನ್ನು ಎಲ್ಲ ಭಾಷಣಗಳಲ್ಲಿಯೂ ಹೇಳುವರು. ಜನರು ಚಪ್ಪಾಳೆಯನ್ನೂ ತಟ್ಟುವರು. ಗ್ರಂಥದೊಳಗೆ ಏನಿದೆ ಎಂಬಲ್ಲಿಗೆ ಮಾತು ಬರುವದು ಅಪರೂಪ. ಅದನ್ನು ತೆರೆದು ನೋಡಿದವನಿಗೆ ಮೊದಲು ತೋರುವದು ವಕೀಲರ ಕೈ. ಕಾಯದೆಯ ಪುಸ್ತಕವನ್ನು ವಿಷಯವಾರಿ ಜೋಡಿಸಿದಂತೆ ಬೇರೆ ಬೇರೆ ಶರಣರ ವಚನಗಳನ್ನು ಒಂದೊಂದು ವಿಷಯದ ಕೆಳಗೆ ಕೂಡಿಸಿದ್ದಾರೆ. ಇದರ ವಿಷಯವಾಗಿ ವಾಚಕರಲ್ಲಿ ಎರಡು ಮತಗಳುಂಟು. ಭಕ್ತಿಯೆಂದರೇನು, ದಾಸೋಹವೆಂದರೇನು ಎಂದು ತಿಳಿಯಬಯಸುವವನಿಗೆ ಇದಕ್ಕಿಂತ ಸುಲಭವಾದ ಏರ್ಪಾಡು ಇಲ್ಲವೆಂಬುದು ಒಂದು. ಬಸವಣ್ಣನವರ ಅಳಲನ್ನೂ ಅಲ್ಲಮಪ್ರಭುವಿನ ಒಗಟನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಇಬ್ಬರ ಕಂಠವೂ ಕೆಡುವದೆಂಬುದು ಇನ್ನೊಂದು. ಎರಡೂ ಓದಿದವರ ಮಾತುಗಳೇ. ಹಳಕಟ್ಟಿಯವರೇ ಮುಂದೆ ಒಬ್ಬೊಬ್ಬ ಶರಣರ ವಚನಗಳನ್ನು ಬೇರೆ ಬೇರೆಯಾಗಿ ಅಚ್ಚು ಹಾಕಿಸಿದ್ದನ್ನು ನೋಡಿದರೆ ಎರಡನೆಯ ಮತದಲ್ಲಿ ಹುರುಳಿಲ್ಲವೆನ್ನಲಾಗದು. ಇನ್ನು ಅವರು ಇಟ್ಟ 'ಶಾಸ್ತ್ರ'ವೆಂಬ ಹೆಸರು. ಮುಂದಿನ ಕಾಲದ ಪಂಡಿತರು ಅದನ್ನು ಬಿಟ್ಟು 'ವಚನಸಾಹಿತ್ಯ'ವೆಂದರು. ಶಾಸ್ತ್ರವೆಂದು ಓದಿದವನು ನಡೆಯಲು ಓದುವನು, ಸಾಹಿತ್ಯವೆಂದು ಓದಿದವನು ನಲಿಯಲು ಓದುವನು. ಮಠದ ಶಿಷ್ಯರಾದವರು ಯಾವ ಹೆಸರಿನಿಂದ ಓದುತ್ತಿದ್ದಾರೆ ಎಂಬುದು ಕೇಳಿಕೊಳ್ಳತಕ್ಕ ಪ್ರಶ್ನೆಯೇ.

ಇಲ್ಲಿಂದ ಮುಂದೆ ಹೇಳುವ ಪುಸ್ತಕವು ಶರಣರದೂ ಅಲ್ಲ, ಕನ್ನಡದ್ದೂ ಅಲ್ಲ. ಮುಂಬಯಿ ಸರಕಾರವು ತನ್ನ ಅಧಿಕಾರಿಗಳ ಉಪಯೋಗಕ್ಕಾಗಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಗ್ಯಾಝೆಟಿಯರ ಮಾಲೆಯಲ್ಲಿ 23ನೆಯ ಸಂಪುಟವು ವಿಜಾಪುರ ಜಿಲ್ಹೆಯದು, 1884ರಲ್ಲಿ ಪ್ರಕಟವಾಯಿತು. ಅದರ ಸಂಪಾದಕರು ಜೇಮ್ಸ್ ಕ್ಯಾಂಬೆಲ್ ಎಂಬ ಅಧಿಕಾರಿಗಳು. ಆಗ ಜಿಲ್ಹೆಯ ಕಚೇರಿಯು ಕಲಾದಗಿಯಿಂದ ವಿಜಾಪುರಕ್ಕೆ ಬರುತ್ತಿದ್ದ ಕಾಲ. ನದಿ, ಮಣ್ಣು, ಬೆಳೆ, ಜಾತಿ, ಸಂತೆ, ಗುಡಿ, ಗುಮ್ಮಟ, ತೆರಿಗೆ ಎಲ್ಲವನ್ನೂ ಅದರಲ್ಲಿ ಬರೆದಿಟ್ಟಿದ್ದಾರೆ. ಈ ಜಿಲ್ಹೆಯ ಮೇಲೆ ಇಷ್ಟು ಶ್ರಮಪಟ್ಟು ಬರೆದ ಬೇರೊಂದು ಪುಸ್ತಕವು ಆ ಕಾಲದಲ್ಲಿಲ್ಲ. ಈ ಜಿಲ್ಹೆಯ ಒಕ್ಕಲಿಗರಲ್ಲಿ ಅದರ ಹೆಸರನ್ನು ಕೇಳಿದವರೂ ಇಲ್ಲವೆಂದರೆ ತಪ್ಪಾಗದು.

ಅದರಲ್ಲಿಯ ಬರಗಾಲದ ಪುಟಗಳನ್ನು ಮಾಸ್ತರರೊಬ್ಬರು ಕನ್ನಡದಲ್ಲಿ ಹೇಳಿದರೆ ಸಾಕು, ಮುದುಕರು ಎದ್ದು ಕೂಡ್ರುವರು. 1791-92ರ ಬರವನ್ನು ಹಿರಿಯರು ಡೋಗಿ ಬರವೆಂದು ಕರೆಯುತ್ತ ಬಂದಿದ್ದಾರೆ; ಮಣ್ಣು ಕೊಡುವವರಿಲ್ಲದೆ ಹೊಲದಲ್ಲಿ ತಲೆಬುರುಡೆಗಳು ಬಿದ್ದಿದ್ದವೆಂಬ ಅಜ್ಜಿಯ ಮಾತು ಆ ಸರಕಾರೀ ಪುಸ್ತಕದಲ್ಲಿಯೂ ಸೇರಿದೆ. 1876-77ರ ಬರವಂತೂ ಅದನ್ನು ಬರೆಸಿದವರ ಕಣ್ಣ ಮುಂದಿನದೇ. 1872ರ ಖಾನೇಸುಮಾರಿಯಲ್ಲಿ 8 ಲಕ್ಷಕ್ಕೂ ಮಿಕ್ಕಿದ್ದ ಜಿಲ್ಹೆಯ ಜನಸಂಖ್ಯೆಯು 1881ರಲ್ಲಿ 6 ಲಕ್ಷ 40 ಸಾವಿರದೊಳಗೆ ಇಳಿದಿತ್ತು. ಸತ್ತವರೆಷ್ಟು, ದೇಶಾಂತರ ಹೋದವರೆಷ್ಟು ಎಂಬುದು ಬೇರೆ. ಐದು ಮನೆಗೆ ಒಂದು ಮನೆ ಬರಿದಾದಂತೆ ಎಂದು ಲೆಕ್ಕ ಬರುವದು. ಪ್ರತಿಯೊಂದು ಹಳ್ಳಿಯಲ್ಲಿಯೂ ಹೆಸರಿಲ್ಲದ ಹಾಳುಗೋಡೆಗಳೇಕೆ ಇದ್ದುವೆಂಬುದಕ್ಕೆ ಆ ಅಂಕಿಗಳೇ ಉತ್ತರ.

ಇದೇ ಪುಸ್ತಕದ ಮೇಲೆ ವಾಚಕನಿಗೆ ಸಿಟ್ಟು ಬರುವದೂ ನ್ಯಾಯವಾಗಿಯೇ ಇದೆ. ಒಂದೊಂದು ಜಾತಿಯ ವಿಷಯವಾಗಿ ಇವರು ಕಪ್ಪಗಿರುವರು, ಇವರು ಗಟ್ಟಿಮುಟ್ಟಾಗಿರುವರು, ಇವರು ಚೊಕ್ಕಟ, ಇವರು ಕೊಳಕು, ಇವರು ಮಿತವ್ಯಯಿಗಳು ಎಂದು, ಜಾತ್ರೆಯಲ್ಲಿ ದನದ ಹಲ್ಲು ಎಣಿಸಿ ಬೆಲೆ ಹೇಳುವವರಂತೆ ಬರೆದಿದ್ದಾರೆ. ಲಿಂಗವಂತರ ಆಚಾರಗಳನ್ನು ಬಹಳ ವಿಸ್ತಾರವಾಗಿ ವರ್ಣಿಸಿದ್ದಾರೆ. ಹೊರಗಿನಿಂದ ಕಂಡದ್ದೆಲ್ಲ ಅಲ್ಲಿದೆ, ಅದರ ಒಳಗಣ ಅನುಭಾವದ ಸುಳಿವು ಅವರಿಗೆ ಹತ್ತಿಲ್ಲ. ಪುಸ್ತಕವೊಂದರಿಂದ ಲೆಕ್ಕವನ್ನು ತೆಗೆದುಕೊಂಡು ಅದರ ನೋಟವನ್ನು ಬಿಡುವದು ಹೇಗೆಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿದುವು. ಹಳೆಯ ಬಾಗಲಕೋಟೆಯ ಒಂದು ಭಾಗವೂ ನೀರು ಪಾಲಾಯಿತು. ಗೊಳಸಂಗಿಯ ಮಗ್ಗುಲಿನ ಕೂಡಗಿಯಲ್ಲಿ ಜೋಳದ ಹೊಲಗಳಿದ್ದಲ್ಲಿ 2400 ಮೆಗಾವ್ಯಾಟ್ ಶಕ್ತಿಯ ಉಷ್ಣವಿದ್ಯುತ್ ಸ್ಥಾವರವೆದ್ದಿದೆ. ಇವನ್ನು ಕಂಡ ಊರವರೇ ಯಾರಾದರೂ ಮೊದಲು ಇದ್ದದ್ದನ್ನೂ ಆಮೇಲೆ ಆದದ್ದನ್ನೂ ಬರೆದಿಟ್ಟರೆ, ನೂರು ವರುಷದ ಮೇಲೆ ಹೊರಗಿನವರ ಗ್ಯಾಝೆಟಿಯರನ್ನೇ ನಂಬಿ ಕೂಡ್ರುವ ಪ್ರಸಂಗವು ಬರಲಾರದು. ಇದು ಪ್ರಾಸಂಗಿಕವಾದ ಮಾತು.

ಒಕ್ಕಲುತನದ ಪುಸ್ತಕಗಳ ಗತಿಯೂ ಬೇರೆಯಿಲ್ಲ. 1930ರ ದಶಕದಲ್ಲಿ ಮಳೆ ಕಡಿಮೆಯಾದ ಸೀಮೆಗಳ ಬೇಸಾಯವನ್ನು ಪರೀಕ್ಷಿಸಲು ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ, ರೋಹತಕ ಎಂಬ ಐದು ಕಡೆಗಳಲ್ಲಿ ಸಂಶೋಧನಕೇಂದ್ರಗಳು ಏರ್ಪಟ್ಟುವು. ಆ ಅನುಭವವನ್ನೆಲ್ಲ ಕಾನಿಟಕರ ಎಂಬ ವಿಜ್ಞಾನಿಗಳು ಒಂದು ಗ್ರಂಥವಾಗಿ ಬರೆದರು; 1944ರಲ್ಲಿ ಪ್ರಕಟವಾಯಿತು. ಇಳುಕಲಿಗೆ ಅಡ್ಡಲಾಗಿ ಒಡ್ಡು ಹಾಕುವದು, ಕೆಲವು ವರುಷಕ್ಕೊಮ್ಮೆ ಆಳವಾಗಿ ನೇಗಿಲು ಹೊಡೆಯುವದು, ಬೀಜವನ್ನು ಕಡಿಮೆ ಮಾಡಿ ಸಾಲುಗಳನ್ನು ಅಗಲಿಸುವದು, ಎಡೆಕುಂಟೆಯಿಂದ ಹಲವು ಸಲ ಎಡೆ ಹೊಡೆಯುವದು ಎಂಬ ಉಪಾಯಗಳು ಮುಂಬಯಿ ಪದ್ಧತಿಯೆಂದು ಹೆಸರಾದವು. ಇದೂ ಇಂಗ್ಲಿಷಿನ ಪುಸ್ತಕವೇ. ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬೆಳೆಯುವವನಿಗೆ ಓದಿ ಹೇಳಿದರೆ ಅವನು ಎಡೆ ಹೊಡೆಯುವ ಮಾತಿಗೆ ನಗುವನು. ಅದನ್ನು ಅವನ ಮುತ್ತಜ್ಜನೂ ಬಲ್ಲನು. ಸಾಲು ಅಗಲಿಸುವ ಮಾತಿಗೆ ತಕರಾರು ತೆಗೆಯುವನು: ಕಾಳು ಹೆಚ್ಚಾದೀತು, ಕಣಿಕೆ ಕಡಿಮೆಯಾದರೆ ಎತ್ತುಗಳಿಗೆ ಏನು ಹಾಕಬೇಕು? ಒಡ್ಡಿನ ಮಾತು ಬಂದಾಗ ಅವನು ಕೆಲವು ಹೊತ್ತು ಸುಮ್ಮನಿರುವನು. ತನ್ನ ಹೊಲದ ಒಡ್ಡು ನಿಲ್ಲಬೇಕಾದರೆ ಮೇಲಿನ ಹೊಲದವನೂ ಹಾಕಬೇಕು, ಅವನೊಡನೆ ಮೂರು ವರುಷದಿಂದ ಮಾತಿಲ್ಲ. ಸರಕಾರವು 1942ರಲ್ಲಿ ಭೂಸುಧಾರಣೆಯ ಕಾಯದೆಯನ್ನು ಮಾಡಿ ಒಡ್ಡುಗಳನ್ನು ಹಾಕಿಸಲು ತೊಡಗಿದ್ದು ಈ ತೊಡಕನ್ನು ಬಿಡಿಸಲೆಂದೇ. ವಿದ್ವಾಂಸರ ಗ್ರಂಥವೊಂದಕ್ಕೆ ಇಂಥ ವಾಚಕನು ಕೊಡುವ ಅಭಿಪ್ರಾಯವು ಪುಟದ ಅಂಚಿನಲ್ಲಿ ಬರೆದಿಡತಕ್ಕಂಥದು. ಬರೆದಿಟ್ಟವರು ಮಾತ್ರ ಅಪರೂಪ.

ಇನ್ನು ಆತ್ಮವೃತ್ತಾಂತಗಳು. ಇಂಡಿಯ ಕಡೆಯ ಹಲಸಂಗಿಯಲ್ಲಿ ಗೆಳೆಯರ ಗುಂಪೊಂದು ಇತ್ತು. ಗರತಿಯರ ಹಾಡುಗಳನ್ನು ಕೂಡಿಸಿ 1931ರಲ್ಲಿ ಪ್ರಕಟಿಸಿದ ಕೀರ್ತಿಯು ಅವರದು. ಅವರ ನಡುವಿನ ಮಧುರಚೆನ್ನರನ್ನು ಕವಿಯೆಂದು ಎಲ್ಲರೂ ಬಲ್ಲರು. ಅವರು ಗದ್ಯದಲ್ಲಿ ಬರೆದ 'ಪೂರ್ವರಂಗ', 'ಕಾಳರಾತ್ರಿ', 'ಬೆಳಗು' ಎಂಬ ಮೂರು ಚಿಕ್ಕ ಪುಸ್ತಕಗಳನ್ನು ಬಲ್ಲವರು ಕಡಿಮೆ. ದೇವರಿದ್ದಾನೆಯೇ ಎಂಬ ಸಂಶಯವು ಒಬ್ಬ ಹಳ್ಳಿಯ ತರುಣನನ್ನು ಹೇಗೆ ಹಿಡಿದು ಅಲುಗಿಸಿತು, ಆ ಕತ್ತಲೆಯನ್ನು ಅವನು ಹೇಗೆ ಕಳೆದನು ಎಂಬುದು ಅವುಗಳ ವಿಷಯ. ಇವುಗಳನ್ನು ಓದಿದವರಲ್ಲಿ ಕೆಲವರಿಗೆ ಕಡೆಯ 'ಬೆಳಗು' ಪ್ರಿಯವಾಗುವದು. ಬೆಳಗನ್ನು ಕುರಿತು ಬರೆದವರು ಬಹು ಮಂದಿ ಇರುವದರಿಂದ ನಡುವಿನ 'ಕಾಳರಾತ್ರಿ'ಯನ್ನೇ ಹೆಚ್ಚಿನದೆಂದು ಎಣಿಸುವದು ಯುಕ್ತ. ತನ್ನ ಶ್ರದ್ಧೆಯು ತಪ್ಪಿಹೋದ ದಿನಗಳನ್ನು ನಾಚದೆ, ಮೆರೆಸದೆ ಬರೆದಿಡುವ ಧೈರ್ಯವು ಭಕ್ತರಲ್ಲಿ ಎಷ್ಟು ಜನರಿಗೆ ಬಂದೀತು? ಅದರಂತೆಯೇ ಆಲೂರ ವೆಂಕಟರಾಯರ 'ನನ್ನ ಜೀವನ ಸ್ಮೃತಿಗಳು'. 1917ರ 'ಕರ್ನಾಟಕ ಗತವೈಭವ'ವನ್ನು ಹೊಗಳುವವರೆಲ್ಲರೂ ಈ ಪುಸ್ತಕದ ತಂಟೆಗೆ ಹೋಗುವದಿಲ್ಲ. ಒಂದು ಚೋದ್ಯವನ್ನು ಇಲ್ಲಿ ಹೇಳಬಹುದು: ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ವಿಜಾಪುರಕ್ಕೆ ಸಂದರು, ಆಲೂರರು ವಿಜಾಪುರದಲ್ಲಿ ಹುಟ್ಟಿ ಧಾರವಾಡಕ್ಕೆ ಸಂದರು, ಇಬ್ಬರೂ 1880ರ ಜುಲೈ ತಿಂಗಳಲ್ಲಿ ಹುಟ್ಟಿದವರು, ಇಬ್ಬರೂ 1964ರಲ್ಲಿ ತೀರಿಕೊಂಡವರು.

ಇಲ್ಲಿಯ ವರೆಗಿನ ಮಾತು ನಿರಾತಂಕವಾದದ್ದು. ಶರಣರ ಚರಿತ್ರೆಯ ಗ್ರಂಥಗಳ ವಿಷಯಕ್ಕೆ ಬಂದಾಗ ವಾಚಕನ ಅಭಿಪ್ರಾಯವೆಂಬುದು ಹಗುರಾದ ವಸ್ತುವಾಗಿ ಉಳಿಯುವದಿಲ್ಲ. ಓದುವವನು ಭಕ್ತ, ಓದಲ್ಪಡುವದು ಅವನ ಪೂಜ್ಯರ ಬಾಳು. ಇಲ್ಲಿ ಎರಡು ಪ್ರಸಂಗಗಳನ್ನು ಒಂದರ ಬಳಿ ಒಂದನ್ನಿಟ್ಟು ನೋಡತಕ್ಕದ್ದಿದೆ.

ಮೊದಲನೆಯದು ಅನುಭವಮಂಟಪದ್ದು. ಕಲ್ಯಾಣದಲ್ಲಿ ಅಂಥದೊಂದು ಮಂಟಪವು ನಿಜವಾಗಿ ಇತ್ತೇ, ಅಥವಾ ಅದು ಮುಂದಿನವರ ಕಲ್ಪನೆಯೇ ಎಂಬ ಸಂಶಯವನ್ನು ವಿದ್ವಾಂಸರಲ್ಲಿ ಕೆಲವರು ಎತ್ತಿದರು. ಭಕ್ತರಿಗೆ ಇದು ನೋವಿನ ಮಾತೇ. ಅದಕ್ಕೆ ಉತ್ತರವಾಗಿ ಬಂದದ್ದು ಒಂದು ಪುಸ್ತಕ: 1951ರಲ್ಲಿ ಪ್ರಕಟವಾದ 'ಅನುಭವಮಂಟಪದ ಐತಿಹಾಸಿಕತೆ'. ಅದನ್ನು ಬರೆದವರು ಲಿಂಗವಂತರಲ್ಲ. ರೆವರೆಂಡ ಉತ್ತಂಗಿ ಚನ್ನಪ್ಪನವರು, ಕ್ರೈಸ್ತ ಪಾದ್ರಿಗಳು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹಳ್ಳಿಹಳ್ಳಿ ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯಸಮ್ಮೇಳನಕ್ಕೆ ಅಧ್ಯಕ್ಷರಾದವರು. ಒಂದು ಮಿಶನ್ನಿನ ಮುದ್ರಣಾಲಯವು ವಚನಗಳ ಗಂಟನ್ನು ಹಿಂದೆ ಕಳುಹಿಸಿತೆಂಬ ಕಥೆಯ ಮಗ್ಗುಲಲ್ಲಿ, ಅದೇ ಧರ್ಮದ ಒಬ್ಬ ಬೋಧಕರು ಶರಣರ ಮಂಟಪದ ಪರವಾಗಿ ಲೇಖನಿ ಹಿಡಿದದ್ದನ್ನು ಇಟ್ಟು ನೋಡಿದರೆ ಮನಸ್ಸು ತಂಪಾಗುವದು. ಅವರ ಪುಸ್ತಕವನ್ನು ಓದಿ ಎಲ್ಲರೂ ಒಪ್ಪಿದರೆಂದು ಅರ್ಥವಲ್ಲ. ಶೂನ್ಯಸಂಪಾದನೆಯು ಹದಿನೈದನೆಯ ಶತಮಾನದ ಗ್ರಂಥ. ಹನ್ನೆರಡನೆಯ ಶತಮಾನದ ಸಂಗತಿಗೆ ಅದನ್ನು ಎಷ್ಟರ ಮಟ್ಟಿಗೆ ಸಾಕ್ಷಿಯಾಗಿ ಹಿಡಿಯಬೇಕು ಎಂಬ ಪ್ರಶ್ನೆಯು ಉಳಿದೇ ಇದೆ. ವಚನಗಳೊಳಗಿನ ಮಾತಿಗೆ ಮಾತು ಕೂಡುವ ರೀತಿಯೇ ಆ ಗೋಷ್ಠಿಗೆ ಸಾಕ್ಷಿಯೆಂಬ ಅಭಿಪ್ರಾಯವೂ ಬಲವಾಗಿಯೇ ಇದೆ. ಯಾರೂ ಯಾರಿಗೂ ಬಾಯಿ ಮುಚ್ಚೆನ್ನಲಿಲ್ಲ.

ಎರಡನೆಯದು ಈ ಜಿಲ್ಹೆಯ ಮಗನದು. ಎಂ. ಎಂ. ಕಲಬುರ್ಗಿಯವರು 1938ರಲ್ಲಿ ಸಿಂದಗಿ ತಾಲೂಕಿನಲ್ಲಿ ಹುಟ್ಟಿದವರು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು, ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳು. ಶಾಸನ, ಹಸ್ತಪ್ರತಿ, ವಚನ, ಊರ ಹೆಸರು ಇವುಗಳನ್ನು ಕುರಿತ ಅವರ ಸಂಶೋಧನಲೇಖನಗಳು 'ಮಾರ್ಗ'ವೆಂಬ ಹೆಸರಿನ ಸಂಪುಟಗಳಾಗಿ ಹೊರಬಂದುವು. ಮೊದಲನೆಯ ಸಂಪುಟವು ಬಂದದ್ದು 1988ರಲ್ಲಿ. ಅದರಲ್ಲಿ ಬಸವಣ್ಣನವರ ಮನೆತನವನ್ನೂ ಚೆನ್ನಬಸವಣ್ಣನವರ ಜನನವನ್ನೂ ಕುರಿತು ಮಾಡಿದ ಒಂದು ಊಹೆಯಿಂದ ದೊಡ್ಡ ಕೋಲಾಹಲವೆದ್ದಿತು. 1989ರಲ್ಲಿ ಅವರು ಆ ಮಾತನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ತಾವು ಮನಸ್ಸಿನಿಂದ ಹಿಂದೆ ತೆಗೆದುಕೊಳ್ಳಲಿಲ್ಲ, ಮನೆಯವರ ಪ್ರಾಣಕ್ಕಾಗಿ ತೆಗೆದುಕೊಂಡೆವೆಂಬ ಅಭಿಪ್ರಾಯವನ್ನು ಅವರೇ ಆಮೇಲೆ ಬಹಿರಂಗವಾಗಿ ಹೇಳಿದರು.

ನೊಂದ ಭಕ್ತರ ನೋವು ಸುಳ್ಳೆಂದು ಹೇಳತಕ್ಕದ್ದಲ್ಲ. ನಿತ್ಯ ಪೂಜೆಯಲ್ಲಿ ನೆನೆಯುವ ಹೆಸರಿನ ಮೇಲೆ ಊಹೆಯೊಂದು ಬಿದ್ದಾಗ ಮನಸ್ಸು ಮುದುಡದೆ ಇರಲಾರದು. ಆ ಊಹೆಯು ಸರಿಯೆಂದೂ ಇಲ್ಲಿ ವಾದಿಸುವದಿಲ್ಲ. ಅದಕ್ಕೆ ಕೊಟ್ಟ ಆಧಾರಗಳು ಸಾಲವೆಂದು ಓದಿದ ಪಂಡಿತರು ಹೇಳಬಹುದು, ಅದು ಅವರ ಅಧಿಕಾರ. ಆದರೆ ಆ ಲೇಖನವನ್ನು ಓದಿ ನೊಂದವರೆಷ್ಟು, ಕೇಳಿ ನೊಂದವರೆಷ್ಟು ಎಂಬುದನ್ನು ಎಣಿಸಿದವರಿಲ್ಲ. ಪುರಾಣದ ಸಭೆಯಲ್ಲಿ 'ಹಾಂಗಲ್ಲ' ಎಂದ ಮುದುಕನು ಅದಕ್ಕೆ ಮೊದಲು ಪುರಾಣವನ್ನು ಕೇಳಿದ್ದನು. ಕೇಳದೆ, ಓದದೆ, ಮತ್ತೊಬ್ಬನು ಹೇಳಿದ ಒಂದು ಸಾಲನ್ನು ಹಿಡಿದು ಬೀದಿಗೆ ಬಂದವನ ಮಾತಿಗೂ ಆ ಮುದುಕನ ಮಾತಿಗೂ ಒಂದೇ ಬೆಲೆ ಕಟ್ಟಲಿಕ್ಕೆ ಬರುವದಿಲ್ಲ. 1951ರಲ್ಲಿ ಸಂಶಯಕ್ಕೆ ಪುಸ್ತಕವು ಉತ್ತರವಾಯಿತು. 1989ರಲ್ಲಿ ಪುಸ್ತಕಕ್ಕೆ ಪುಸ್ತಕವು ಎದುರು ನಿಲ್ಲುವದಕ್ಕಿಂತ ಮೊದಲೇ ಬರೆದವನು ಕೈ ಮುಗಿಯಬೇಕಾಯಿತು. ಭಕ್ತರಿಗೆ ಇದರಿಂದ ಲಾಭವೂ ಆಗಲಿಲ್ಲ. ಊಹೆಯು ತಪ್ಪಾಗಿದ್ದರೆ ತಪ್ಪೆಂದು ಸಿದ್ಧವಾಗುವ ದಾರಿಯೇ ಮುಚ್ಚಿಹೋಯಿತು.

ಮುಂದಿನ ಸಂಗತಿಯು ಎಲ್ಲರಿಗೂ ಗೊತ್ತಿದ್ದದ್ದು. 'ಮಾರ್ಗ'ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. 2015ನೆಯ ಆಗಸ್ಟ್ 30ರ ಮುಂಜಾನೆ ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಅವರು ಗುಂಡಿಗೆ ಬಲಿಯಾದರು. ಆ ಕೊಲೆಯ ವಿಚಾರವು ನ್ಯಾಯಾಲಯಕ್ಕೆ ಸೇರಿದ್ದು. ಅದನ್ನು ಹಳೆಯ ಕೋಲಾಹಲದೊಡನೆ ಗಂಟುಹಾಕುವದು ಈ ಭಾಷಣದ ಕೆಲಸವಲ್ಲ. ಇಷ್ಟನ್ನು ಮಾತ್ರ ಹೇಳಬೇಕು: ಕರ್ನಾಟಕ ಸರಕಾರವು 1993ರಲ್ಲಿ ಪ್ರಕಟಿಸಿದ ಸಮಗ್ರ ವಚನಸಂಪುಟಗಳು ಹದಿನೈದು, ಅವುಗಳ ಪ್ರಧಾನ ಸಂಪಾದಕರು ಇದೇ ಕಲಬುರ್ಗಿಯವರು. ಎಷ್ಟೋ ಮಠಗಳಲ್ಲಿ, ಎಷ್ಟೋ ಮನೆಗಳ ದೇವರ ಜಗುಲಿಯ ಮೇಲೆ ಆ ಸಂಪುಟಗಳಿವೆ. ಅವರ ಒಂದು ಲೇಖನದ ಮೇಲೆ ಸಿಟ್ಟಾದವರೂ ಮುಂಜಾನೆ ಪೂಜೆಯಾದ ಮೇಲೆ ಓದುವ ವಚನದ ಪಾಠವನ್ನು ತಿದ್ದಿ ಕೊಟ್ಟ ಕೈ ಅದೇ ಆಗಿರುವದು.

ಇಷ್ಟೆಲ್ಲ ಹೇಳಿ, ಗೊಳಸಂಗಿಯಂಥ ಊರಿನಲ್ಲಿ ಮಾಡತಕ್ಕದ್ದೇನು ಎಂಬಲ್ಲಿಗೆ ಬರಬೇಕು. ಅದಕ್ಕೆ ಹೊಸ ಸಂಸ್ಥೆಯೂ ಬೇಡ, ವರ್ಗಣಿಯೂ ಬೇಡ. ಪುರಾಣವು ಮುಗಿದ ಮೇಲೆ ಮಂಗಳಾರತಿಗೆ ಮೊದಲು ಅರ್ಧ ತಾಸು ಉಳಿಯುವದು. ವಾರಕ್ಕೊಂದು ಸಲ ಆ ಅರ್ಧ ತಾಸಿನಲ್ಲಿ ವ್ಯಾಸಪೀಠದ ಮೇಲೆ ಇಂಥ ಪುಸ್ತಕವೊಂದನ್ನು ಇಡಬಹುದು. ಇಂಗ್ಲಿಷಿನಲ್ಲಿದ್ದರೆ ಶಾಲೆಯ ಮಾಸ್ತರರು ಮುಂಚಿನ ದಿನವೇ ಓದಿಕೊಂಡು ಬಂದು ಕನ್ನಡದಲ್ಲಿ ಹೇಳುವರು. ಒಕ್ಕಲುತನದ ಪುಟಗಳನ್ನು ಹಿಂಗಾರಿ ಬಿತ್ತಿಗೆಗೆ ಮೊದಲು ಇಟ್ಟುಕೊಳ್ಳುವದು ಒಳಿತು. ಬಿತ್ತಿದ ಮೇಲೆ ಹೇಳಿದರೆ ಕೇಳುವವರು ಬರಲಾರರು. ಮಠದ ಲೆಕ್ಕದ ಪುಸ್ತಕದಂತೆ ಒಂದು ಗಟ್ಟಿ ರಟ್ಟಿನ ವಹಿಯನ್ನು ಮಾಡಿಸಿ, ಕೇಳಿದವರು ಒಪ್ಪಿದ ಮಾತನ್ನೂ ಒಪ್ಪದ ಮಾತನ್ನೂ ಹೆಸರು ಸಹಿತ ಅದರಲ್ಲಿ ಬರೆದಿಡತಕ್ಕದ್ದು. ಅಕ್ಷರ ಬಾರದವರ ಮಾತನ್ನು ಹುಡುಗರು ಬರೆದುಕೊಳ್ಳಲಿ. ಹೆಣ್ಣುಮಕ್ಕಳು ದಾರಿಯಲ್ಲಿ ಆಡಿದ ಮಾತನ್ನು ಮರುವಾರ ಕೇಳಿ ಬರೆದುಕೊಳ್ಳಲಿ. ಆಕ್ಷೇಪ ಹೇಳುವವರು ಯಾವ ಪುಟದ ಯಾವ ಮಾತಿಗೆ ಎಂಬುದನ್ನು ತೋರಿಸಬೇಕೆಂಬ ನಿಯಮವೊಂದಿದ್ದರೆ ಸಾಕು.

ಮೊದಲನೆಯ ವಾರಕ್ಕೆ 'ವಚನಶಾಸ್ತ್ರಸಾರ'ವೇ ಆಗಬಹುದು; ಅದರ ಪ್ರತಿಯು ಊರಿನಲ್ಲಿ ಯಾರ ಮನೆಯ ಜಗುಲಿಯ ಮೇಲೆ ಇದೆಯೆಂಬುದನ್ನು ಹಿರಿಯರು ಬಲ್ಲರು. ಎರಡನೆಯ ವಾರಕ್ಕೆ ಗ್ಯಾಝೆಟಿಯರಿನ ಬರಗಾಲದ ಪುಟಗಳು. ಉತ್ತಂಗಿಯವರದನ್ನೂ 'ಮಾರ್ಗ'ವನ್ನೂ ಒಂದರ ಹಿಂದೆ ಒಂದರಂತೆ ಓದತಕ್ಕದ್ದು, ಮತ್ತು ಆ ಎರಡು ವಾರಗಳಲ್ಲಿ ಅರ್ಧ ತಾಸು ಸಾಲದೆ ಹೋದರೆ ಮಂಗಳಾರತಿಯನ್ನು ತುಸು ತಡಮಾಡಲು ಪೂಜ್ಯರ ಅಪ್ಪಣೆಯನ್ನು ಮೊದಲೇ ಪಡೆದಿರತಕ್ಕದ್ದು.